ಕೆರೆಯ ಐಬು

ಸುಂದರಮ್ಮನವರು ಹಳೆಯ ಪಂಚೆಯ ತುಂಡನ್ನು ಮಡಿಸಿ ಹಂಡೆಯ ಬಾಯಿಗೆ ಬಿಗಿಯಾಗಿ ಹಿಡಿದಿದ್ದರು. ಮಗಳು ವೇದವಲ್ಲಿ ಬಾವಿಯಿಂದ ಸೇದಿದ ನೀರನ್ನು ಕೊಡದಿಂದ ಸಣ್ಣಗೆ ಬಗ್ಗಿಸುತ್ತಿದ್ದಳು. ನೀರು ಇಳಿದ ಮೇಲೆ ಬಟ್ಟೆಯಲ್ಲಿ ಹಸಿರು ಲೋಳೆ ಉಳಿಯುತ್ತಿತ್ತು. ಅದನ್ನು ಬಾಳೆಯ ಬುಡಕ್ಕೆ ಕೊಡವಿ, ಬಟ್ಟೆ ಹಿಂಡಿ, ಮತ್ತೆ ತಾಯಿಯ ಕೈಗೆ ಕೊಡುತ್ತಿದ್ದಳು. ಹಂಡೆ ತುಂಬಿದಾಗ ಪಟಿಕದ ಚೂರನ್ನು ನೀರೊಳಗೆ ಮೆಲ್ಲಗೆ ತಿರುಗಿಸಿ ತಟ್ಟೆ ಮುಚ್ಚಿದಳು. ಅಷ್ಟು ಹೊತ್ತಿಗೆ ನಡುಮನೆಯ ಸಾಂಬ್ರಾಣಿ ಹೊಗೆ ಹಿತ್ತಲಿನವರೆಗೂ ಬಂದಿತ್ತು. ಅಂದರೆ ಇವತ್ತೂ ಯಾರೋ ನೋಡುವುದಕ್ಕೆ ಬರುತ್ತಾರೆ.

ಬರುತ್ತಿದ್ದವರು ನೋಡುತ್ತಿದ್ದದ್ದು ಮನೆಯನ್ನು. ಆದರೆ ಊರಿನಲ್ಲಿ ಈ ಸಂಗತಿ ಗೊತ್ತಿದ್ದದ್ದು ಮನೆಯೊಳಗಿನ ಮೂವರಿಗೆ ಮಾತ್ರ. ಬೀದಿಯವರಿಗೆ ಗೊತ್ತಿದ್ದದ್ದೇ ಬೇರೆ.

ಹಳೇಬೀಡಿನ ಕೆರೆ ಅಂದರೆ ಪರಊರಿನವರಿಗೆ ನೆನಪಾಗುವುದು ದೇವಸ್ಥಾನ ನೋಡಿ ಮುಗಿಸಿ ಏರಿಯ ಮೇಲೆ ನಿಂತು ಪಟ ತೆಗೆಸಿಕೊಳ್ಳುವ ದೊಡ್ಡ ಕೆರೆ. ಸುಂದರಮ್ಮನವರ ಗಂಡ ಅನಂತಸ್ವಾಮಿ ಮೇಷ್ಟ್ರ ಮನೆಯ ಹಿಂದಿದ್ದದ್ದು ಅದಲ್ಲ, ಚಿಕ್ಕಕೆರೆ. ಮೇಷ್ಟ್ರ ತಂದೆ ಆ ಮನೆ ಕೊಂಡ ಕಾಲಕ್ಕೆ ಅದರ ನೀರಿನಲ್ಲಿ ಮುಖ ನೋಡಿಕೊಂಡು ನಾಮ ಇಟ್ಟುಕೊಳ್ಳಬಹುದಿತ್ತಂತೆ. ಹಿತ್ತಲಿನಿಂದ ಕೆರೆ ಕಾಣುತ್ತದೆ ಎನ್ನುವ ಒಂದೇ ಕಾರಣಕ್ಕೆ ಆ ಸಾಲಿನ ಮನೆಗಳಿಗೆ ಊರೊಳಗಿನ ಮನೆಗಳಿಗಿಂತ ಹೆಚ್ಚು ಬೆಲೆಯಿತ್ತು. ಕೆರೆ ತುಂಬಿದರೆ ಬಾವಿಗಳೂ ತುಂಬುತ್ತಿದ್ದವು.

ಆಮೇಲೆ ಹೊಸ ರಸ್ತೆಗೆಂದು ಮಣ್ಣು ಏರಿಸುವಾಗ ಕೆರೆಗೆ ನೀರು ತರುವ ಕಾಲುವೆ ಮುಚ್ಚಿಹೋಯಿತು. ನೇರವಾಗಿ ಸುರಿದ ಮಳೆಯಷ್ಟೇ ಅದರ ಪಾಲಿಗೆ ಉಳಿಯಿತು. ಬಂದ ನೀರು ಹೊರಗೆ ಹೋಗುವಂತಿಲ್ಲ, ಹೊಸ ನೀರು ಬರುವಂತಿಲ್ಲ. ಅದರ ಮೇಲೆ ಅಂತರಗಂಗೆ ಹಬ್ಬಿತು. ಅಷ್ಟು ಪವಿತ್ರವಾದ ಹೆಸರಿಟ್ಟುಕೊಂಡ ಕಳೆ ಇನ್ನೊಂದಿರಲಾರದು. ಹೇಗೂ ಕೆಟ್ಟಿದೆಯಲ್ಲ ಎಂದು ಹಗ್ಗ ಹೊಸೆಯುವ ನಾರಿನವರು ತೆಂಗಿನ ಮಟ್ಟೆಗಳನ್ನು ತಂದು ಅದರಲ್ಲೇ ಕೊಳೆಹಾಕಿದರು. ನೀರು ಕಪ್ಪಾಯಿತು, ಮೀನು ಹೊಟ್ಟೆ ಮೇಲಾಗಿ ತೇಲಿದವು, ಮನೆಗಳ ಬೆಲೆ ಅರ್ಧಕ್ಕಿಳಿಯಿತು. ಯಾವ ಕೆರೆ ಕಾಣುತ್ತದೆಂದು ಜನ ಹೆಚ್ಚಿಗೆ ಕೊಟ್ಟಿದ್ದರೋ ಅದೇ ಕೆರೆ ಈಗ ಕಾಣದಿರಲಿ ಎಂದು ಆ ಸಾಲಿನವರೆಲ್ಲ ಹಿತ್ತಲಿನ ಗೋಡೆ ಎತ್ತರಿಸಿಕೊಂಡರು.

ಅನಂತಸ್ವಾಮಿಗಳು ಶಾಲೆಯಲ್ಲಿ ‘ನಿಂತ ನೀರಿನಿಂದ ಬರುವ ರೋಗಗಳು’ ಎಂಬ ಪಾಠವನ್ನು ಬಹಳ ಚೆನ್ನಾಗಿ ಮಾಡುತ್ತಿದ್ದರು. ಮನೆಗೆ ಬಂದು ಶಲ್ಯ ಹೊದ್ದುಕೊಂಡು, ಮನೆ ನೋಡಲು ಬಂದವರಿಗೆ “ಹಿಂದೆ ಸರೋವರ, ಗಾಳಿಗೆ ಬರವಿಲ್ಲ” ಎನ್ನುತ್ತಿದ್ದರು. ಅವರಿಗೆ ಅರಸೀಕೆರೆಯ ಶಾಲೆಗೆ ವರ್ಗವಾಗುವುದರಲ್ಲಿತ್ತು. ಮನೆ ಮಾರಿದರೆ ಬಂದ ಹಣದಲ್ಲಿ ವೇದವಲ್ಲಿಯ ಮದುವೆ ಮಾಡಿ ಮುಗಿಸಬಹುದು, ತಾವಿಬ್ಬರು ಅಲ್ಲೊಂದು ಬಾಡಿಗೆ ಮನೆ ಹಿಡಿಯಬಹುದು ಎನ್ನುವುದು ಅವರ ಲೆಕ್ಕ. ಅದಕ್ಕೆ ಒಂದು ಕಟ್ಟುಪಾಡು ಮಾಡಿದ್ದರು: ಮನೆ ಮಾರಾಟಕ್ಕಿದೆ ಎಂಬುದು ಊರಿನವರಿಗೆ, ನೆಂಟರಿಗೆ ತಿಳಿಯಬಾರದು; ಕೊಳ್ಳುವವರಿಗೆ ಪರಊರಿನಲ್ಲೇ ಗುಟ್ಟಾಗಿ ಹೇಳಿಕಳಿಸಬೇಕು.

“ಮೇಷ್ಟ್ರೇ ಜಾಗ ಖಾಲಿ ಮಾಡ್ತಿದ್ದಾರೆ ಅಂತ ಗೊತ್ತಾದ್ರೆ ಮುಗೀತು. ಈ ಮನೆಗೆ ಏನೋ ಐಬಿದೆ ಅಂತಾರೆ. ಐಬು ಅನ್ನೋ ಹೆಸರು ಒಂದು ಸಲ ಅಂಟಿದ್ರೆ ಬಿಡೋದಿಲ್ಲ ಕಣೇ,” ಎಂದು ಹೆಂಡತಿಗೆ ಹೇಳಿದ್ದರು.

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಂಟುವುದು ಯಾರಿಗೆ ಎನ್ನುವುದೊಂದನ್ನು ಯೋಚಿಸಿರಲಿಲ್ಲ.

ಮನೆ ನೋಡುವವರು ಬರುತ್ತಿದ್ದ ರೀತಿಯೇ ಹಾಗಿತ್ತು. ಬಸ್ಸಿಳಿದು, ಜರಿ ಪಂಚೆಯ ಯಜಮಾನರೊಬ್ಬರು, ರೇಷ್ಮೆ ಸೀರೆಯ ಮನೆಯಾಕೆಯೊಬ್ಬರು ವಿಚಾರಿಸಿಕೊಂಡು ಬೀದಿಗೆ ಬರುತ್ತಿದ್ದರು. ಮೇಷ್ಟ್ರು ಜಗಲಿಯಿಂದಲೇ ಕೈಮುಗಿದು ಒಳಗೆ ಕರೆಯುತ್ತಿದ್ದರು. ಉಪ್ಪಿಟ್ಟು, ಸಜ್ಜಿಗೆ, ಕಾಫಿ. ಕಾಫಿ ತಂದುಕೊಡುತ್ತಿದ್ದವಳು ತಲೆ ತಗ್ಗಿಸಿಕೊಂಡ ವೇದವಲ್ಲಿ. ಹೆಂಗಸರು ಅಡುಗೆಮನೆ, ಬಚ್ಚಲುಮನೆ ಇಣುಕಿ ನೋಡುತ್ತಿದ್ದರು. ಹೋಗುವಾಗ ಅರಿಶಿನ ಕುಂಕುಮ. ಪಕ್ಕದ ಮನೆಯ ಬೋರಮ್ಮನಿಗೆ ಇನ್ನೇನು ಬೇಕು? ಅವಳು ಎಮ್ಮೆ ಸಾಕಿಕೊಂಡು ಬೀದಿಗೆಲ್ಲ ಹಾಲು ಕೊಡುತ್ತಿದ್ದಳು. ಹಾಲಿನ ಜೊತೆಗೆ ಸುದ್ದಿಯನ್ನೂ ಕೊಡುತ್ತಿದ್ದಳು, ಅದಕ್ಕೆ ನೀರು ಬೆರೆಸುತ್ತಿರಲಿಲ್ಲ.

“ಏನಮ್ಮಾವ್ರೇ, ನೋಡ್ಕಂಡೋದ್ರಾ?”

“ಹೂಂ, ನೋಡಿಕೊಂಡು ಹೋದ್ರು,” ಎಂದಿದ್ದರು ಸುಂದರಮ್ಮ.

“ಒಪ್ಕಂಡ್ರಾ?”

“ಊರಿಗೆ ಹೋಗಿ ತಿಳಿಸ್ತೀವಿ ಅಂದಿದ್ದಾರೆ.”

“ಅಂಗಂದೋರು ತಿಳಿಸ್ದಂಗೇಯ. ಓಗ್ಲಿ ಬುಡಿ, ಋಣ ಇರ್ಬೇಕಲ್ಲ.”

ಸುಂದರಮ್ಮ ಒಂದು ಮಾತನ್ನೂ ಸುಳ್ಳು ಹೇಳಿರಲಿಲ್ಲ. ಬೋರಮ್ಮನೂ ಒಂದನ್ನೂ ತಪ್ಪಾಗಿ ಕೇಳಿಸಿಕೊಂಡಿರಲಿಲ್ಲ. ಆದರೂ ಸಂಜೆಯ ಹೊತ್ತಿಗೆ ಮೇಷ್ಟ್ರ ಮಗಳನ್ನು ಒಂದು ಗಂಡಿನ ಕಡೆಯವರು ನೋಡಿಕೊಂಡು ಹೋದರು ಎಂದು ಬೀದಿಯಲ್ಲಿ ಸುದ್ದಿಯಾಗಿತ್ತು. ಮುಂದಿನ ತಿಂಗಳು ಇನ್ನೊಬ್ಬರು ಬಂದರು. ಆಮೇಲೆ ಮತ್ತೊಬ್ಬರು. ಯಾರೂ ತಿಳಿಸಲಿಲ್ಲ.

ಇಷ್ಟಾಗಿದ್ದರೆ ಬೀದಿ ಅವಳಿಗಾಗಿ ಮರುಗಿ ಸುಮ್ಮನಾಗುತ್ತಿತ್ತೋ ಏನೋ. ಹಾಸನದಿಂದ ಒಬ್ಬ ರಿಟೈರಾದ ಶಿರಸ್ತೇದಾರರು ಹೆಂಡತಿಯೊಡನೆ ಬಂದರು. ಬಂದದ್ದು ಮಧ್ಯಾಹ್ನದ ಬಸ್ಸಿಗೆ. ಬೆಳಗಿನ ಹೊತ್ತು ಗಾಳಿ ಮನೆಯ ಕಡೆಯಿಂದ ಕೆರೆಯ ಕಡೆಗೆ ಬೀಸುತ್ತಿತ್ತು, ಮಧ್ಯಾಹ್ನ ತಿರುಗುತ್ತಿತ್ತು. ಮೇಷ್ಟ್ರು ಎಲ್ಲರನ್ನೂ ಬೆಳಗ್ಗೆಯೇ ಕರೆಯುತ್ತಿದ್ದದ್ದು ಅದಕ್ಕೇ. ಶಿರಸ್ತೇದಾರರ ಹೆಂಡತಿ ಸಜ್ಜಿಗೆಯನ್ನು ಅರ್ಧಕ್ಕೇ ಬಿಟ್ಟು, ಸೆರಗು ಮೂಗಿಗಿಟ್ಟುಕೊಂಡು ಎದ್ದುಬಂದರು. ಬೀದಿಗಿಳಿದವರೇ ಗಂಡನಿಗೆ ಹೇಳಿದರು:

“ನೋಡೋದಕ್ಕೇನೋ ಲಕ್ಷಣವಾಗಿದೆ ಕಣ್ರೀ. ಆದ್ರೆ ಆ ವಾಸನೆ! ಅದನ್ನ ಕಟ್ಟಿಕೊಂಡು ಸಂಸಾರ ಮಾಡೋದು ಹೇಗೆ? ನಮ್ಮ ಹುಡುಗನ ಕೈಲಂತೂ ಒಂದು ದಿನ ಆಗಲ್ಲ.”

“ಮೆತ್ತಗೆ ಮಾತಾಡೇ.”

ಪಕ್ಕದ ಗೋಡೆಗೆ ಬೆರಣಿ ತಟ್ಟುತ್ತಿದ್ದ ಬೋರಮ್ಮನ ಕೈ ಅಲ್ಲೇ ನಿಂತಿತು.

ಕೆರೆಯ ವಾಸನೆ ಅವಳಿಗೆ ಹೊಳೆಯಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಹೊಳೆಯಲಿಲ್ಲ. ಆ ಬೀದಿಯವರ ಮೂಗಿಗೆ ಕೆರೆ ಎಂದೋ ಇಲ್ಲವಾಗಿತ್ತು. ಅದರ ಪಕ್ಕದಲ್ಲೇ ಉಂಡು, ಮಲಗಿ, ಎದ್ದು, ಅವರಿಗೆ ಅದು ಗಾಳಿಯೇ ಆಗಿಹೋಗಿತ್ತು. ವಾಸನೆ ಇದೆ ಎಂದು ಪರಊರಿನವರು ಹೇಳಿದರೆ ಅದು ಹೊಸದಾಗಿ ಎಲ್ಲಿಂದ ಬಂತು ಎಂದು ಹುಡುಕಬೇಕಾಯಿತು. ಹುಡುಕಿದರು, ಸಿಕ್ಕಿತು.

ಮಾರನೆಯ ಬೆಳಗ್ಗೆ ಬೋರಮ್ಮ ಹಾಲಿನ ಜೊತೆಗೆ ಒಂದು ಪೊಟ್ಟಣ ತಂದಳು. ಅವಳು ಕೆಟ್ಟವಳಲ್ಲ. ವೇದವಲ್ಲಿಯನ್ನು ಹಿತ್ತಲಿಗೆ ಕರೆದು, ದನಿ ತಗ್ಗಿಸಿದಳು.

“ತಗಾ ಮಗಾ. ಕಸ್ತೂರಿ ಅರಿಸ್ನ, ಕಡ್ಲೆಹಿಟ್ಟು, ಬೇವ್ನೆಲೆ ಪುಡಿ. ಚೆನ್ನಾಗಿ ಮೈಗೆ ತಿಕ್ಕಿ ನೀರಾಕ್ಕೋ. ನಮ್ಮ ಹುಡ್ಗಿ ಅನುಸೂಯಂಗೂ ಹಿಂಗೇ ಇತ್ತು ಕನವ್ವ, ಓಗ್ಬುಡ್ತು. ಈಗ ಎಲ್ಡು ಮಕ್ಳು.”

“ಏನಿತ್ತು?” ಎಂದಳು ವೇದವಲ್ಲಿ.

“ಅದೇ ಕನವ್ವ. ಮೈ ವಾಸ್ನೆ. ನಾಚ್ಕೊಬ್ಯಾಡ, ನಾನೇನ್ ಯಾರ್ಗೂ ಏಳಾಕಿಲ್ಲ.”

ಅಷ್ಟರಲ್ಲಾಗಲೇ ಅವಳು ಬೀದಿಗೆಲ್ಲ ಹಾಲು ಕೊಟ್ಟು ಬಂದಿದ್ದಳು.

ವೇದವಲ್ಲಿ ಪೊಟ್ಟಣ ಹಿಡಿದು ಬಚ್ಚಲಲ್ಲಿ ನಿಂತಳು. ಮುಂಗೈಯನ್ನು ಮೂಗಿನ ಹತ್ತಿರ ತಂದುಕೊಂಡಳು. ಏನೂ ತಿಳಿಯಲಿಲ್ಲ. ತಿಳಿಯದಿದ್ದದ್ದಕ್ಕೇ ಹೆದರಿಕೆಯಾಯಿತು, ಬೀದಿಯವರಿಗೆ ಕೆರೆಯ ವಾಸನೆ ತಿಳಿಯುತ್ತಿತ್ತೇ? ಆ ಪುಡಿಯನ್ನು ಮೈಗೆ ತಿಕ್ಕಿಕೊಂಡಳು ಕೂಡ. ತೊಳೆದುಕೊಳ್ಳಬೇಕಾದ ನೀರು ಮಾತ್ರ ಅದೇ ಬಾವಿಯದು.

ತಾಯಿಯ ಹತ್ತಿರ ಹೇಳಿಕೊಂಡಳು. ತಾಯಿ ಗಂಡನಿಗೆ ಹೇಳಿದರು. ಮೇಷ್ಟ್ರು, “ಹಾಗಾದ್ರೆ ಮನೆ ಮಾರಾಟದ ಸಂಗತಿ ಯಾರಿಗೂ ಅನುಮಾನ ಬಂದಿಲ್ಲ ಅಂತಾಯ್ತು,” ಎಂದರು.

“ಹುಡುಗಿ ಹೆಸರು ಹಾಳಾಗ್ತಿದೆಯಲ್ರೀ.”

“ಈ ಮನೆ ದುಡ್ಡಿನಲ್ಲೇ ಅಲ್ವೇನೇ ಅವಳ ಮದುವೆ ಆಗಬೇಕಾದ್ದು? ರಿಜಿಸ್ಟ್ರಿ ಒಂದು ಆಗಿಬಿಡಲಿ, ನಾನೇ ಜಗಲಿ ಮೇಲೆ ನಿಂತು ಎಲ್ಲರಿಗೂ ಹೇಳ್ತೀನಿ. ಅಲ್ಲೀವರೆಗೆ ಬಾಯಿ ಬಿಗಿ ಹಿಡಿ. ಕೋಮಲಿಗಂತೂ ಸುಳಿವು ಸಿಗಬಾರದು.”

ಕೋಮಲಿ ಅಂದರೆ ಮೇಷ್ಟ್ರ ತಂಗಿ ಕೋಮಲವಲ್ಲಿ, ಬೇಲೂರಿನಲ್ಲಿದ್ದರು. ಅವರ ಕಿವಿಗೆ ಬಿದ್ದದ್ದು ಬೇಲೂರಿನ ಬೀದಿಬೀದಿಗೆ ಬೀಳುತ್ತಿತ್ತು. ಆದರೆ ವೇದವಲ್ಲಿಗೆ ಇದ್ದ ಒಂದೇ ಒಂದು ನಿಜವಾದ ಸಂಬಂಧ ಕುದುರಿದ್ದು ಆ ಅತ್ತೆಯಿಂದಲೇ. ಹುಡುಗನ ಹೆಸರು ವರದರಾಜ. ಬೇಲೂರಿನ ದೇವಸ್ಥಾನದ ಕಚೇರಿಯಲ್ಲಿ ಗುಮಾಸ್ತ. ಉತ್ಸವದ ದಿನಗಳಲ್ಲಿ ಪ್ರಸಾದ ಹಂಚಲೂ ನಿಲ್ಲುತ್ತಿದ್ದ. ಹೋದ ವರ್ಷ ಅವಳು ಅತ್ತೆಯ ಜೊತೆ ಹೋದಾಗ ಎಲೆಯ ಮೇಲೆ ಪುಳಿಯೋಗರೆ ಹಾಕಿ, ಜನದ ನೂಕಿನಲ್ಲಿ ಚೆಲ್ಲೀತೆಂದು ಎಲೆಯ ಅಂಚನ್ನು ತಾನೇ ಮಡಿಸಿ ಅವಳ ಕೈಗೆ ಕೊಟ್ಟಿದ್ದ. ಬೇರೆ ಯಾರಿಗೂ ಹಾಗೆ ಮಡಿಸಿ ಕೊಟ್ಟಿರಲಿಲ್ಲ. ಅವಳು ಕಂಬದ ಮರೆಯಲ್ಲಿ ಬಹಳ ಹೊತ್ತು ನಿಂತು ನೋಡಿ ಇದನ್ನು ಖಾತ್ರಿ ಮಾಡಿಕೊಂಡಿದ್ದಳು. ಯಾರ ಹತ್ತಿರವೂ ಹೇಳಿರಲಿಲ್ಲ. ವರದರಾಜನ ತಂದೆ ತಾಯಿ ಈ ತಿಂಗಳಲ್ಲೇ ಹಳೇಬೀಡಿಗೆ ಬರುವುದೆಂದು ಮಾತಾಗಿತ್ತು.

ಇಂಥ ಹೊತ್ತಿನಲ್ಲಿ, ನೀರು ಶೋಧಿಸಿಟ್ಟ ಆ ಬೆಳಗ್ಗೆ, ಅರಸೀಕೆರೆಯ ಕೊಬ್ಬರಿ ವರ್ತಕ ದೇವೀರಪ್ಪ ತನ್ನ ಮುದಿ ತಾಯಿಯನ್ನು ಕರೆದುಕೊಂಡು ಬಂದ. ದಪ್ಪ ಆಳು, ನಗುಮುಖ. ಅವನ ಕೈಯಲ್ಲಿ ಸದಾ ನಶ್ಯದ ಡಬ್ಬಿ. ಚಿಟಿಕೆ ಏರಿಸಿ ಏರಿಸಿ ಅವನ ಮೂಗಿಗೆ ಮೂಗಿನ ಕೆಲಸ ಮರೆತೇಹೋಗಿತ್ತು. ತಾಯಿಯ ಬಾಯಲ್ಲಿ ಹೊಗೆಸೊಪ್ಪು. ಮೇಷ್ಟ್ರು ದೇವರು ಕಣ್ಣು ಬಿಟ್ಟ ಎಂದುಕೊಂಡರು.

“ಏನ್ ಸ್ವಾಮಿ, ಎದುರಿಗೆ ಕೂತೋರ ಮುಖ ಕಾಣದಂಗೆ ಹೊಗೆ ಹಾಕ್ಬುಟ್ಟಿದ್ದೀರಿ!” ಎಂದು ದೇವೀರಪ್ಪ ನಕ್ಕ.

“ಹಿರಿಯರ ಕಾಲದಿಂದ ನಡೆದುಬಂದ ಪದ್ಧತಿ,” ಎಂದರು ಮೇಷ್ಟ್ರು. ಆ ಪದ್ಧತಿಗೆ ಇನ್ನೂ ವರ್ಷ ತುಂಬಿರಲಿಲ್ಲ.

ದೇವೀರಪ್ಪ ತೊಲೆ ತಟ್ಟಿ ನೋಡಿದ, ಹೆಂಚು ನೋಡಿದ. ಒಗೆಯುವ ಕಲ್ಲು ಹತ್ತಿ ಹಿತ್ತಲಿನ ಗೋಡೆಯ ಮೇಲಿಂದ ಇಣುಕಿ, ಅಂತರಗಂಗೆ ಕವಿದ ಕೆರೆ ಕಂಡು, “ಒಳ್ಳೆ ಪಚ್ಚೆಪೈರು ಇದ್ದಂಗೈತೆ!” ಎಂದ. ಅವನ ತಾಯಿ ಇದೊಂದನ್ನೂ ನೋಡಲಿಲ್ಲ. ನಡುಮನೆಯ ಕಂಬಕ್ಕೊರಗಿ ಕೂತು ಸೆರಗಿನ ಗಂಟು ಬಿಚ್ಚಿದಳು. ಅದರೊಳಗೆ ಒಂದು ಹಿಡಿ ತೊಗರಿಬೇಳೆ.

“ಗ್ವಾಡೆ ಗೀಡೆ ನಂಗೆ ಬ್ಯಾಡ ಕನ್ಲಾ ಮಗ. ಅರಸೀಕೆರೆ ನೀರ್ನಾಗೆ ಬೇಳೆ ಬೇಯ್ಸೀ ಬೇಯ್ಸೀ ನನ್ನ ಜಲ್ಮ ಸವ್ದೋಯ್ತು. ಹೊರೆಗಟ್ಲೆ ಸೌದೆ ಉರುದ್ರೂ ಕಲ್ಲಿದ್ದಂಗಿರ್ತದೆ. ಈ ಮನೆ ನೀರ್ನಾಗೆ ಇದು ಬೇಯ್ಲಿ, ಆಮ್ಯಾಕೆ ಮಾತು.”

ಬೇಳೆ ಒಳಗೆ ಹೋಯಿತು. ಮೇಷ್ಟ್ರೂ ನೀರು ಕುಡಿಯುವ ನೆವದಲ್ಲಿ ಒಳಗೆ ಬಂದು ಮಗಳ ಕೈಗೆ ಕಾಗದದ ಸಣ್ಣ ಪೊಟ್ಟಣ ತುರುಕಿದರು. ಅಡುಗೆ ಸೋಡ. “ಒಂದು ಚಿಟಿಕೆ. ಮುದುಕಿ ಬೇಳೆ ಬೇಯಲೇಬೇಕು,” ಎಂದು ಪಿಸುಗುಟ್ಟಿದರು. ಅವರ ಬೇಳೆಯೂ ಅದರಲ್ಲೇ ಇತ್ತು.

ವೇದವಲ್ಲಿ ಹಂಡೆಯ ನೀರನ್ನು ಪಾತ್ರೆಗೆ ಹಾಕಿ ಒಲೆಗಿಟ್ಟಳು. ಒಂದು ಹೊತ್ತಿಗೆ ಅವಳಿಗೆ ಇದು ಬೇಯದಿದ್ದರೆ ಎನ್ನಿಸಿತು. ಬೇಯದಿದ್ದರೆ ಇವರೂ ಎದ್ದುಹೋಗುತ್ತಾರೆ, ಬೋರಮ್ಮ ಗೋಡೆಯ ಆಚೆ ಲೆಕ್ಕಕ್ಕೆ ಇನ್ನೊಂದು ಸೇರಿಸಿಕೊಳ್ಳುತ್ತಾಳೆ. ಬೆಂದರೆ ಮನೆ ಹೋಗುತ್ತದೆ, ರಿಜಿಸ್ಟ್ರಿ ಆಗುತ್ತದೆ, ಆಮೇಲೆ ಅಪ್ಪ ಜಗಲಿಯ ಮೇಲೆ ನಿಂತು ಹೇಳುತ್ತಾರೆ. ಬೇಯಲಿ ಎಂದು ದೇವರಿಗೆ ಕೈಮುಗಿದಳು. ಸೋಡದ ಪೊಟ್ಟಣ ಬಿಚ್ಚಲು ಹೋಗಿ ಮುಚ್ಚಳ ತೆಗೆದರೆ ಬೇಳೆ ಆಗಲೇ ಹೂವಿನ ಹಾಗೆ ಅರಳಿ ಒಡೆಯುತ್ತಿತ್ತು. ಕೆರೆಯಿಂದ ಬಾವಿಗೆ ಇಳಿದುಬಂದ, ನೆಲದ ನೀರಿನ ಉಪ್ಪಿಲ್ಲದ, ಬರೀ ಮಳೆಯ ನೀರು ಅದು. ಹಸಿರಾದರೂ, ಕೊಳೆತರೂ, ಮೀನು ಸತ್ತರೂ ಬೇಳೆಯ ಮಟ್ಟಿಗೆ ಅದರ ಗುಣ ಕೆಟ್ಟಿರಲಿಲ್ಲ.

ಮುದುಕಿ ಒಂದು ಕಾಳನ್ನು ಬೆರಳಲ್ಲಿ ಹಿಸುಕಿ ನೋಡಿದಳು. ಅವಳ ಕಣ್ಣಲ್ಲಿ ನೀರೇ ಬಂತು.

“ಬೆಣ್ಣೆ ಕನ್ಲಾ ದೇವೀರ! ಬೆಣ್ಣೆ! ಕೈ ತಪ್ಪಿಸ್ಕೊಬ್ಯಾಡ ಕನ್ಲಾ ಈ ಮನೇನ.”

“ಆಯ್ತು ಸ್ವಾಮಿ. ಅವ್ವ ಒಪ್ಪಿದ ಮ್ಯಾಲೆ ನಂದೇನೈತೆ? ಇವತ್ತೇ ವೀಳ್ಯ ಬದಲಾಯಿಸ್ಕೊಂಬುಡವಾ,” ಎಂದ ದೇವೀರಪ್ಪ. “ಈ ಶುಕ್ರವಾರ ಬಿಟ್ಟು ಬರೋ ಶುಕ್ರವಾರ ಬೇಲೂರ್ಗೋಗಿ ರಿಜಿಸ್ಟ್ರಿ ಮಾಡುಸ್ಬುಡನಾ.”

ಸುಂದರಮ್ಮ ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟು ತಂದರು. ಮೇಷ್ಟ್ರು ಎಲೆಯ ತೊಟ್ಟು ಮುರಿಯುತ್ತಿದ್ದಾಗ ಬಾಗಿಲಲ್ಲಿ ಚೀಲ ಹಿಡಿದುಕೊಂಡು ಕೋಮಲವಲ್ಲಿ ನಿಂತಿದ್ದರು. ಕೆರೆ ಕೆಟ್ಟ ಮೇಲೆ ಅವರು ತವರಿಗೆ ಬಂದಿದ್ದು ಇದೇ ಮೊದಲು.

“ಏನಣ್ಣಾ ಇದು, ಇಷ್ಟೊಂದು ಸಾಂಬ್ರಾಣಿ?” ಎಂದವರು ಹೊಗೆಯನ್ನು ಕೈಯಿಂದ ತಳ್ಳಿದರು. ಆಮೇಲೆ ಏನೋ ಅರ್ಥವಾದವರ ಹಾಗೆ ಕೈ ಕೆಳಗಿಳಿಸಿದರು. “ಅಯ್ಯೋ ದೇವರೇ! ಹಾಗಾದ್ರೆ ನಿಜವೇನು?”

“ಏನು ನಿಜ? ಬಾ, ಕೈಕಾಲು ತೊಳ್ಕೋ, ಆಮೇಲೆ ಮಾತಾಡೋಣ,” ಎಂದರು ಮೇಷ್ಟ್ರು.

“ಕೂರೋಕೆ ಪುರುಸೊತ್ತಿಲ್ಲ. ಇದೇ ಬಸ್ಸು ತಿರುಗಿ ಹೋಗೋ ಹೊತ್ತಿಗೆ ನಾನು ಹೊರಡಬೇಕು. ಸಂತೆಗೆ ಬೆಣ್ಣೆ ತಂದವಳು ಯಾರೋ ವರದರಾಜನ ತಾಯಿಗೆ ಹೇಳಿದ್ದಾಳಂತೆ, ಹುಡುಗಿ ಮೈ ವಾಸನೆ ಅಂತ. ಬಂದು ಬಂದು ನೋಡಿದವರೆಲ್ಲ ಮೂಗು ಮುಚ್ಚಿಕೊಂಡು ಎದ್ದು ಹೋದರಂತೆ. ಬಾಣಾವರದಿಂದ ಅವರಿಗೆ ಇನ್ನೊಂದು ಜಾತಕ ಬಂದಿದೆ. ಸಂಜೆಯೊಳಗೆ ನಾನು ಹೋಗಿ ಏನಾದ್ರೂ ಒಂದು ಹೇಳಿದ್ರೆ ಸರಿ, ಇಲ್ಲದಿದ್ರೆ ಅದಕ್ಕೇ ತಾಂಬೂಲ ಕೊಡ್ತಾರೆ.”

“ಶುದ್ಧ ಸುಳ್ಳು,” ಎಂದರು ಮೇಷ್ಟ್ರು.

“ಸುಳ್ಳಾದ್ರೆ ಒಳ್ಳೇದೇ. ಆದ್ರೆ ಬಂದವರೆಲ್ಲ ಯಾಕೆ ಬೇಡ ಅಂದ್ರು? ಅವರು ಕೇಳಿದ್ರೆ ನಾನು ಏನು ಹೇಳಲಿ? ಆ ಹಾಸನದವರು ಬಾಗಿಲಲ್ಲೇ ವಾಸನೆ ಅಂದ್ರಂತಲ್ಲ. ಯಾತರ ವಾಸನೆ ಅದು?”

ಮೇಷ್ಟ್ರು ಎಲೆಯನ್ನು ನೋಡಿದರು. ಉತ್ತರ ಹಿತ್ತಲಿನ ಗೋಡೆಯಾಚೆಗೇ ಇತ್ತು. ಅದನ್ನು ಕೇಳಬಾರದವನು ಎದುರಿಗೆ ಕೂತಿದ್ದ. ಸುಂದರಮ್ಮ ತಂಬಿಗೆ ತರುವವರಂತೆ ನಾದಿನಿಯನ್ನು ಒಳಗೆ ಕರೆದೊಯ್ಯಲು ಎದ್ದರು. ಮೇಷ್ಟ್ರು ಹೆಂಡತಿಯನ್ನು ಕಣ್ಣಲ್ಲೇ ತಡೆದರು. ಅಡುಗೆಮನೆಯಲ್ಲಿ ಕೋಮಲಿಗೆ ಹೇಳಿದ್ದು ನಾಳೆ ಬೇಲೂರಿನಲ್ಲಿರುತ್ತದೆ. ರಿಜಿಸ್ಟ್ರಿ ಆಗಬೇಕಾದದ್ದೂ ಅಲ್ಲೇ.

ದೇವೀರಪ್ಪನಿಗೆ ಮನಸ್ಸು ಕರಗಿತು.

“ನೀವು ಸುಮ್ಕೆ ಹೆದರ್ಕಬ್ಯಾಡಿ ತಾಯಿ,” ಎಂದ. “ನಾನು ಬೆಳಗಿಂದ ಇಲ್ಲೇ ಕುಂತಿವ್ನಿ. ಈ ಹೆಣ್ಮಗ ಎಲ್ಡು ಕಿತ ಕಾಫಿ ತಂದುಕೊಡ್ತು. ಯಾವ ವಾಸ್ನೇನೂ ಇಲ್ಲ, ಗೀಸ್ನೇನೂ ಇಲ್ಲ. ನನ್ನ ಮೂಗಿನಾಣೆ!” ಎಂದು ಹೇಳಿ, ಆ ಮೂಗಿಗೆ ದೊಡ್ಡದೊಂದು ಚಿಟಿಕೆ ಏರಿಸಿದ.

ಕೋಮಲವಲ್ಲಿ ಅವನನ್ನೂ, ಅವನ ಡಬ್ಬಿಯನ್ನೂ, ತಾಂಬೂಲದ ತಟ್ಟೆಯನ್ನೂ ನೋಡಿದರು. “ಇವರು ಯಾರಣ್ಣಾ?”

“ಸ್ನೇಹಿತರು,” ಎಂದರು ಮೇಷ್ಟ್ರು.

“ಸರಿ. ಹೇಳೋಕೆ ಇಷ್ಟವಿಲ್ಲ ಅಂದ್ರೆ ಬೇಡ. ನಾನು ಅವರಿಗೆ ಸುಳ್ಳು ಹೇಳಿ ನಾಳೆ ಮುಖ ತೋರಿಸೋದು ಹೇಗೆ?” ಎಂದು ಅತ್ತೆ ಚೀಲ ಎತ್ತಿಕೊಂಡರು.

ಆಗ ಅಡುಗೆಮನೆಯ ಬಾಗಿಲಿಗೆ ವೇದವಲ್ಲಿ ಬಂದು ನಿಂತಳು. ಹೊರಗಿನ ಗಂಡಸರ ಎದುರಿಗೆ ಅವಳು ತಲೆಯೆತ್ತಿದ್ದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಕೈಯಲ್ಲಿ ಇನ್ನೂ ಸೌಟು ಇತ್ತು. ಎಲ್ಲರೂ ಅವಳ ಕಡೆ ತಿರುಗಿದರು. ಅವಳು ನೋಡಿದ್ದು ಅಪ್ಪನೊಬ್ಬರನ್ನೇ.

“ಅಪ್ಪ,” ಎಂದಳು, “ಆ ವಾಸನೆ ಯಾತರದು ಅಂತ ಅತ್ತೆಗೆ ಹೇಳಿ.”

ಅನಂತಸ್ವಾಮಿಗಳು ದೇವೀರಪ್ಪನಿಗೆ ಕೊಡುವ ವೀಳ್ಯಕ್ಕೆ ಇನ್ನೊಂದು ಎಲೆ ತೆಗೆದುಕೊಂಡು ಅದರ 
ತೊಟ್ಟು ಮುರಿದರು.